ಮಾತನಾಡಿಸದ ಕೂಸು

"ಗುರುಗಳೇ, ಮಗು ಚೆನ್ನಾಗಿ ಬೆಳೆಯಬೇಕಾದರೆ ತಂದೆಯಾದವನು ಏನು ಕೊಡಬೇಕು?"

ಶಂಭುಲಿಂಗ ಓಡಿಯೇ ಬಂದಿದ್ದ. ನಮಸ್ಕಾರ ಮಾಡುವುದನ್ನೂ ಮರೆತಿದ್ದ. ಅವನಿಗೆ ಮಗಳು ಹುಟ್ಟಿ ಮೂರು ತಿಂಗಳಾಗಿತ್ತು.

"ಹಾಲಿಗೆ ಕೊರತೆಯಿಲ್ಲ. ಎಣ್ಣೆ, ಬಿಸಿನೀರು, ಮೆತ್ತನೆಯ ಹಾಸಿಗೆ, ಎಲ್ಲ ಇದೆ. ಇನ್ನೇನು ಬೇಕು ಹೇಳಿ, ಇವತ್ತೇ ತರುತ್ತೇನೆ," ಎಂದ.

ಗುರುಗಳಿಗೆ ಅವನ ಉತ್ಸಾಹ ಕಂಡು ನಗು ಬಂತು. "ಕೂತುಕೋ. ಒಬ್ಬ ಕಂಬಳಿ ನೇಯುವವನ ಕತೆ ಹೇಳುತ್ತೇನೆ," ಎಂದರು.

ಆ ನೇಕಾರನ ಹೆಸರು ಮಾಳಿಂಗ. ಅವನ ಹೆಂಡತಿ ಕೆಂಚವ್ವ ಉಣ್ಣೆ ನೂಲುತ್ತಿದ್ದಳು. ಅವರಿಗೆ ಎರಡು ಮಕ್ಕಳು ಹುಟ್ಟಿದ್ದವು. ಎರಡೂ ಚೂಟಿಯಾದ ಮಕ್ಕಳು. ಓಣಿಯವರೆಲ್ಲ ಎತ್ತಿ ಆಡಿಸಿದ್ದರು. ಎರಡೂ ವರ್ಷ ತುಂಬುವ ಮೊದಲೇ ತೀರಿಕೊಂಡವು.

ಮೂರನೆಯದು ಹೆಣ್ಣು ಕೂಸು. ಅದು ಹುಟ್ಟಿದ ಹನ್ನೊಂದನೆಯ ದಿನ ಮಾಳಿಂಗನ ಸೋದರತ್ತೆ ಬಂದಳು. ತಾಯಿಯಿಲ್ಲದ ಮಾಳಿಂಗನನ್ನು ಸಾಕಿದವಳು ಅವಳೇ. ಅವಳು ಬಾಗಿಲು ಹಾಕಿಕೊಂಡು ಹೇಳಿದಳು.

"ಆ ಎರಡಕ್ಕೂ ದೃಷ್ಟಿ ತಾಗಿತು. ಇದನ್ನು ಯಾರಿಗೂ ತೋರಿಸಬೇಡಿ. ನೀವೂ ಮುದ್ದು ಮಾಡಬೇಡಿ. ಹೆಸರಿಡಬೇಡಿ, ಮಾತನಾಡಿಸಬೇಡಿ. ಮನೆಯಲ್ಲಿ ಕೂಸೇ ಇಲ್ಲ ಅನ್ನುವ ಹಾಗೆ ಇರಿ. ವರ್ಷ ದಾಟಲಿ, ಆಮೇಲೆ ನೋಡೋಣ."

ಗಂಡ ಹೆಂಡತಿ ಒಪ್ಪಿಕೊಂಡರು. ಅವರು ಕಲ್ಲುಮನಸ್ಸಿನವರಲ್ಲ. ಹೆದರಿದವರು. ಕೂಸಿಗೆ ಹೊತ್ತು ಹೊತ್ತಿಗೆ ಹಾಲು ಸಿಕ್ಕಿತು. ದಿನವೂ ಎಣ್ಣೆ ತಿಕ್ಕಿ ಎರೆದರು. ಮಾಳಿಂಗ ಎಳೆ ಕುರಿಮರಿಯ ಉಣ್ಣೆಯನ್ನೇ ಆರಿಸಿ ಅದಕ್ಕೊಂದು ಹೊದಿಕೆ ನೇಯ್ದ. ಅಷ್ಟು ಮೆತ್ತನೆಯ ಕಂಬಳಿಯನ್ನು ಅವನು ಯಾರಿಗೂ ನೇಯ್ದಿರಲಿಲ್ಲ. ಆದರೆ ತೊಟ್ಟಿಲ ಪಕ್ಕ ಹಾದುಹೋಗುವಾಗ ಮುಖ ತಿರುಗಿಸಿಕೊಳ್ಳುತ್ತಿದ್ದ. ಕೆಂಚವ್ವ ಹಾಲೂಡಿಸುವಾಗ ಗೋಡೆ ನೋಡುತ್ತಿದ್ದಳು. ಜೋಗುಳ ಗಂಟಲಿಗೆ ಬಂದರೆ ನುಂಗಿಕೊಳ್ಳುತ್ತಿದ್ದಳು.

ಕೂಸು ಮೈ ತುಂಬಿಕೊಂಡಿತು. ಕೆನ್ನೆ ಉಬ್ಬಿತು. ಅತ್ತೆ ಅದನ್ನು ಬಾಗಿಲಾಚೆಯಿಂದಲೇ ಕೇಳಿ ತಲೆ ಆಡಿಸಿ, "ನೋಡಿದಿರಾ?" ಎಂದಳು.

ಮೊದಮೊದಲು ಕೂಸು ಅಳುತ್ತಿತ್ತು. ಆಮೇಲೆ ಅಳುವುದು ಕಡಿಮೆಯಾಯಿತು. ಆಮೇಲೆ ನಿಂತೇಹೋಯಿತು. ಹತ್ತನೆಯ ತಿಂಗಳಲ್ಲಿ ಅದು ಸೂರಿನ ತೊಲೆ ನೋಡುತ್ತ ಮಲಗಿರುತ್ತಿತ್ತು. ಯಾರು ಬಂದರೂ ತಿರುಗುತ್ತಿರಲಿಲ್ಲ. ಕೈಗೆ ಏನಾದರೂ ಕೊಟ್ಟರೆ ಹಿಡಿಯದೆ ಬಿಡುತ್ತಿತ್ತು.

ಗೋಡೆಯಾಚೆಯ ಮನೆಯಲ್ಲಿ ಅದೇ ವಾರ ಹುಟ್ಟಿದ ಇನ್ನೊಂದು ಕೂಸಿತ್ತು. ಅದು ಬೆಳಗಿನಿಂದ ಸಂಜೆಯವರೆಗೆ ಅಪ್ಪಪ್ಪಪ್ಪ, ತತ್ತತ್ತ ಎಂದು ಗದ್ದಲ ಮಾಡುತ್ತಿತ್ತು. ಕೆಂಚವ್ವ ಕದಿರು ನಿಲ್ಲಿಸಿ ಕೇಳುತ್ತಿದ್ದಳು. ಒಂದು ದಿನ ತಡೆಯಲಾರದೆ ಗಂಡನಿಗೆ ಹೇಳಿದಳು.

"ನಮ್ಮದು ಮೂಗಿ ಇರಬೇಕು."

ಮಾಳಿಂಗ ಕೈಯಲ್ಲಿದ್ದ ನೂಲನ್ನು ಕೆಳಗಿಟ್ಟ. ಮಗ್ಗದ ಸದ್ದು ನಿಂತಿತು. ಆ ದಿನ ಅವನು ಮತ್ತೆ ಮಗ್ಗಕ್ಕೆ ಕೂರಲಿಲ್ಲ.

ಎರಡು ದಿನ ಕಳೆದ ಮೇಲೆ ಸೂಲಗಿತ್ತಿ ಹುಸೇನವ್ವ ಆ ದಾರಿಯಲ್ಲಿ ಬಂದಳು. ಪಕ್ಕದ ಊರಿನ ಹೆರಿಗೆ ಮುಗಿಸಿ ಹೊರಟಿದ್ದಳು. ಈ ಕೂಸನ್ನು ಹೊರಗೆ ತೆಗೆದದ್ದು ಅವಳ ಕೈಗಳೇ. ನೀರು ಕೇಳುವ ನೆಪದಲ್ಲಿ ಒಳಗೆ ಬಂದು, "ನನ್ನ ಕೂಸೆಲ್ಲಿ?" ಎಂದಳು. ತಡೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಅವಳು ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಅದು ಒಂದು ಕಡೆಗೆ ವಾಲಿತು. ಅವಳು ಕೆಂಚವ್ವನಿಗೆ ತಟ್ಟೆ ಬೀಳಿಸುವಂತೆ ಸನ್ನೆ ಮಾಡಿದಳು. ಕೆಂಚವ್ವ ಕೂಸಿನ ಬೆನ್ನ ಹಿಂದೆ ಹಿತ್ತಾಳೆಯ ತಟ್ಟೆ ಬೀಳಿಸಿದಳು. ಕೂಸು ಬೆಚ್ಚಿಬಿತ್ತು.

"ಕಿವಿ ಚೆನ್ನಾಗಿದೆ," ಎಂದಳು ಹುಸೇನವ್ವ. "ಹೆಸರೇನು?"

"ಇಟ್ಟಿಲ್ಲ."

"ಏನಂತ ಕರೆಯುತ್ತೀರಿ?"

"ಕರೆಯುವುದಿಲ್ಲ," ಎಂದಳು ಕೆಂಚವ್ವ. ಹಾಗೆ ಹೇಳುವಾಗ ಅವಳಿಗೆ ಅಳು ಬಂತು. ಎಲ್ಲವನ್ನೂ ಹೇಳಿಬಿಟ್ಟಳು.

ಹುಸೇನವ್ವ ಬೈಯಲಿಲ್ಲ. ಕೂಸಿನ ಮುಖಕ್ಕೆ ತನ್ನ ಮುಖವನ್ನು ಹತ್ತಿರ ತಂದಳು. "ಏನವ್ವಾ?" ಎಂದಳು. ಅಷ್ಟೇ. ಆಮೇಲೆ ಸುಮ್ಮನಾದಳು.

ಕೂಸು ಅವಳ ಬಾಯಿ ನೋಡಿತು. ಬಹಳ ಹೊತ್ತು ನೋಡಿತು. ಮಾಳಿಂಗನಿಗೆ ತಾಳಲಾಗಲಿಲ್ಲ. "ಅವಳಿಗೆ ಬರುವುದಿಲ್ಲ ಬಿಡು," ಎಂದ. ಹುಸೇನವ್ವ ಕೈಯೆತ್ತಿ ಅವನನ್ನು ಸುಮ್ಮನಿರಿಸಿದಳು. ಮತ್ತೆ "ಏನವ್ವಾ?" ಎಂದಳು. ಮತ್ತೆ ಕಾದಳು.

ಕೂಸಿನ ತುಟಿ ಅಲುಗಿತು. ಗಂಟಲಿನಿಂದ ಒಂದು ಸಣ್ಣ ಸದ್ದು ಬಂತು. "ಉಂ."

"ಹೌದಾ? ಹೌದಾ ನನ್ನವ್ವಾ?" ಎಂದಳು ಹುಸೇನವ್ವ.

"ಉಂ."

ಕೆಂಚವ್ವ ಚೀರಿದಳು. ಸಂತೋಷಕ್ಕೋ ದುಃಖಕ್ಕೋ ಅವಳಿಗೇ ತಿಳಿಯಲಿಲ್ಲ. ಮಾಳಿಂಗ ಕೂಸಿನ ಹತ್ತಿರ ಬಂದು ಕೂತ.

"ಕೂಸು ನಿಮ್ಮನ್ನು ನೋಡುವುದೇ ಒಂದು ಮಾತು," ಎಂದಳು ಹುಸೇನವ್ವ. "ಕೈ ಚಾಚುವುದೇ ಒಂದು ಮಾತು. ಯಾರೂ ಉತ್ತರ ಕೊಡದಿದ್ದರೆ ಅದಾದರೂ ಎಷ್ಟು ದಿನ ಮಾತನಾಡುತ್ತದೆ?"

"ನನಗೆ ದೊಡ್ಡವರ ಹತ್ತಿರವೇ ಮಾತು ಬಾರದು," ಎಂದ ಮಾಳಿಂಗ. "ಕೂಸಿನ ಹತ್ತಿರ ಏನು ಹೇಳಲಿ?"

"ಕೈ ಏನು ಮಾಡುತ್ತಿದೆಯೋ ಅದನ್ನೇ ಹೇಳು. ಹೇಳಿ ನಿಲ್ಲು. ಅವಳ ಸರದಿ ಅವಳಿಗೆ ಬಿಡು."

ಅವಳು ನೀರು ಕುಡಿದು ಹೊರಟುಹೋದಳು.

ಮರುದಿನ ಮಾಳಿಂಗ ತೊಟ್ಟಿಲಿನಿಂದ ಕೂಸನ್ನು ಎತ್ತಿ ಮಗ್ಗದ ಪಕ್ಕ ನೆಲದ ಮೇಲೆ ಮಲಗಿಸಿದ. ಅಕ್ಕಪಕ್ಕ ನೋಡಿ, ಕಳ್ಳನ ಹಾಗೆ ಮೆಲ್ಲಗೆ ಹೇಳಿದ. "ಇದು ಕರಿ ಉಣ್ಣೆ." ಕಾದ. ಕೂಸು ತೊಲೆ ನೋಡುತ್ತಿತ್ತು. "ಇದು ಬಿಳಿ." ಕಾದ. ಏನೂ ಇಲ್ಲ. ಅವನಿಗೆ ನಾಚಿಕೆಯಾಯಿತು. ಆದರೂ ಬಿಡಲಿಲ್ಲ. "ನೂಲು ಹರಿಯಿತು ನೋಡು. ಈಗ ಗಂಟು ಹಾಕುತ್ತೇನೆ."

ಕೆಂಚವ್ವ ಅಡುಗೆ ಮಾಡುತ್ತ ಹೇಳಿದಳು, ಎರೆಯುತ್ತ ಹೇಳಿದಳು. ಹಾಲೂಡಿಸುವಾಗ ಗೋಡೆ ನೋಡುವುದನ್ನು ಬಿಟ್ಟು ಮಗಳ ಕಣ್ಣು ನೋಡಿದಳು. ನುಂಗಿಕೊಂಡಿದ್ದ ಜೋಗುಳ ಹೊರಗೆ ಬಂತು. ಹತ್ತು ತಿಂಗಳು ತಡೆಹಿಡಿದದ್ದಕ್ಕೆ ಅರ್ಧ ಮರೆತುಹೋಗಿತ್ತು. ಮರೆತ ಕಡೆ ತಾನೇ ಕಟ್ಟಿ ಹಾಡಿದಳು.

ಹತ್ತೊಂಬತ್ತು ದಿನ ಹೀಗೆ ನಡೆಯಿತು. ನಡುನಡುವೆ ಒಂದು "ಉಂ" ಬರುತ್ತಿತ್ತು. ಅಷ್ಟೇ.

ಇಪ್ಪತ್ತನೆಯ ದಿನ ಮಾಳಿಂಗನ ಕೈಯಿಂದ ನೂಲು ಹಾಯಿಸುವ ಲಾಳಿ ಜಾರಿ ನೆಲಕ್ಕೆ ಬಿತ್ತು. "ಅಯ್ಯಯ್ಯೋ!" ಎಂದ ಅವನು.

ಕೂಸು ನಕ್ಕಿತು.

ಮಾಳಿಂಗ ಮಗಳತ್ತ ತಿರುಗಿದ. ಬಗ್ಗಿ ಲಾಳಿ ಎತ್ತಿಕೊಂಡ. ಮಗಳನ್ನು ನೋಡುತ್ತಲೇ ಮತ್ತೆ ಬೀಳಿಸಿದ. "ಅಯ್ಯಯ್ಯೋ!" ಈ ಸಲ ಅವಳು ಹೊಟ್ಟೆ ಕುಲುಕುವ ಹಾಗೆ ನಕ್ಕಳು. "ಕೆಂಚವ್ವಾ, ಓಡಿ ಬಾ!" ಎಂದು ಅವನು ಕೂಗಿದ. ಜೀವಮಾನದಲ್ಲಿ ಅಷ್ಟು ಗಟ್ಟಿಯಾಗಿ ಅವನು ಕೂಗಿದವನಲ್ಲ. ಗೋಡೆಯಾಚೆಯವರು ಏನಾಯಿತೋ ಎಂದು ಹೆದರಿ ಓಡಿ ಬಂದರು. ಓಣಿ ನೆರೆಯಿತು. ಎಲ್ಲರ ಎದುರಿಗೆ ಮಾಳಿಂಗ ಲಾಳಿ ಬೀಳಿಸಿದ. ಮೂವತ್ತು ಸಲ ಬೀಳಿಸಿದ. ಮೂವತ್ತು ಸಲವೂ ಅವಳು ನಕ್ಕಳು. ಆ ದಿನ ಒಂದು ಗೇಣು ಕಂಬಳಿಯೂ ಆಗಲಿಲ್ಲ. ಸಂಜೆ ಎಲ್ಲರೂ ಸೇರಿ ಹೆಸರಿಟ್ಟರು, ಮಾಯವ್ವ ಎಂದು. ಹೆಸರು ಹಿಡಿದು ಕರೆದರೆ ಅವಳು ತಿರುಗಿದಳು. ಎಡದಿಂದ ಕರೆದರೆ ಎಡಕ್ಕೆ, ಬಲದಿಂದ ಕರೆದರೆ ಬಲಕ್ಕೆ. ಕರೆಯುವ ಆಸೆ ಯಾರಿಗೂ ತೀರಲಿಲ್ಲ.

ಸೋದರತ್ತೆ ಮಾತ್ರ ಹೊಸ್ತಿಲಲ್ಲೇ ನಿಂತಿದ್ದು ಹಿಂದಿರುಗಿ ಹೋದಳು.

ಅದಾದ ಎಂಟು ದಿನಕ್ಕೆ ಮಾಯವ್ವನಿಗೆ ಜ್ವರ ಬಂತು. ಮೈ ಕಾದ ಹಂಚಿನಂತೆ ಸುಡುತ್ತಿತ್ತು. ಅತ್ತೆ ಬಂದು ಬಾಗಿಲಲ್ಲೇ ನಿಂತು, "ನಾನು ಹೇಳಿರಲಿಲ್ಲವೇ?" ಎಂದಳು. ಅವಳ ಕಣ್ಣಲ್ಲಿಯೂ ನೀರಿತ್ತು.

ಮಾಳಿಂಗ ಕೂಸಿನ ಪಕ್ಕದಿಂದ ಎದ್ದ. ಮೂಲೆಗೆ ಹೋಗಿ ಮುಖ ತಿರುಗಿಸಿ ಕೂತ. ಮಾಯವ್ವ ಅವನತ್ತ ನೋಡಿ "ಉಂ" ಎಂದಳು. ಅವನು ಉತ್ತರ ಕೊಡಲಿಲ್ಲ. ಅವಳು ಮತ್ತೊಮ್ಮೆ "ಉಂ" ಎಂದಳು, ಮೊದಲಿಗಿಂತ ಮೆಲ್ಲಗೆ. ಆಮೇಲೆ ಅವಳ ಕಣ್ಣು ಸೂರಿನ ಕಡೆಗೆ ಹೋಯಿತು.

ಅದನ್ನು ಕೆಂಚವ್ವ ಕಂಡಳು. ಎದ್ದು ನಿಂತಳು.

"ಅತ್ತೆ, ಆ ಎರಡು ಕೂಸುಗಳಿಗೂ ಜ್ವರವೇ ಬಂದದ್ದು. ನಾವು ದೃಷ್ಟಿ ತೆಗೆಯುತ್ತ ಕೂತೆವು, ವೈದ್ಯರ ಹತ್ತಿರ ಹೋಗಲಿಲ್ಲ. ಈ ಸಲ ಹೋಗುತ್ತೇವೆ." ಗಂಡನತ್ತ ತಿರುಗಿದಳು. "ನೀವು ಓಡಿ ವೈದ್ಯರನ್ನು ಕರೆತನ್ನಿ. ಆದರೆ ಮೊದಲು ಅವಳಿಗೆ ಹೇಳಿ, ಎಲ್ಲಿಗೆ ಹೋಗುತ್ತೀರಿ ಅಂತ."

ಮಾಳಿಂಗ ಮಗಳ ಹತ್ತಿರ ಬಂದು ಮಂಡಿಯೂರಿದ. "ವೈದ್ಯರನ್ನು ಕರೆಯಲು ಹೋಗುತ್ತೇನೆ ಮಾಯವ್ವಾ. ಬೇಗ ಬರುತ್ತೇನೆ," ಎಂದ. ಅವಳ ಕಣ್ಣು ಸೂರಿನಿಂದ ಕೆಳಗಿಳಿದು ಅವನ ಮುಖಕ್ಕೆ ಬಂತು. ಅವನು ಎರಡು ಹರದಾರಿ ದೂರ ಎಲ್ಲಿಯೂ ನಿಲ್ಲದೆ ಓಡಿದ.

ವೈದ್ಯರು ಬಂದರು, ಔಷಧಿ ಕೊಟ್ಟರು. ಎದೆಹಾಲು ನಿಲ್ಲಿಸಬೇಡಿ ಎಂದರು, ಒದ್ದೆ ಬಟ್ಟೆಯಿಂದ ಮೈ ಒರೆಸಿ ಎಂದರು. ಮೂರು ದಿನ ಗಂಡ ಹೆಂಡತಿ ಸರದಿಯ ಮೇಲೆ ಕೂತು ಒರೆಸಿದರು. ಮಾತು ನಿಲ್ಲಿಸಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಮೈ ತಣ್ಣಗಾಯಿತು. ಮಧ್ಯಾಹ್ನದ ಹೊತ್ತಿಗೆ ಮಾಯವ್ವ ಲಾಳಿಗಾಗಿ ಕೈ ಚಾಚಿದಳು. ಯಾರೂ ಹೇಳಿಕೊಡದೆ ತಾನೇ ಅದನ್ನು ಬೀಳಿಸಿ ಅಪ್ಪನ ಮುಖ ನೋಡಿದಳು. ಮಾಳಿಂಗ "ಅಯ್ಯಯ್ಯೋ" ಅನ್ನುವುದನ್ನು ಮರೆತು ಅವಳನ್ನೇ ನೋಡುತ್ತ ಕೂತ. ಅವಳು ಕಾದಳು. ಅವನ ಸರದಿ ಅವನಿಗೆ ಬಿಟ್ಟು ಕಾದಳು.

ಆಮೇಲೆ ಅವಳನ್ನು ಹಿಡಿಯುವವರಿಲ್ಲ. ಕೂತಳು, ತೆವಳಿದಳು, ಉಣ್ಣೆಯ ರಾಶಿಗೆ ನುಗ್ಗಿದಳು. ದಿನಕ್ಕೊಂದು ಹೊಸ ಸದ್ದು ತಂದಳು. ಗಂಡ ಹೆಂಡತಿ ಆ ಸದ್ದುಗಳ ಅರ್ಥದ ಬಗ್ಗೆ ಜಗಳವಾಡಿದರು. "ಅಪ್ಪ ಅಂದಳು," ಎಂದು ಅವನು. "ಅಪ್ಪ ಅಲ್ಲ, ಹಪ್ಪಳ," ಎಂದು ಅವಳು.

ಒಂದು ದಿನ ಸೋದರತ್ತೆ ಬಂದು ಹೊಸ್ತಿಲಾಚೆ ನಿಂತಳು. ಅವಳು ಆವರೆಗೂ ಆ ಕೂಸನ್ನು ಕಣ್ಣೆತ್ತಿ ನೋಡಿರಲಿಲ್ಲ. ತನ್ನ ಕಣ್ಣೇ ತಾಗಿಬಿಟ್ಟೀತು ಎಂಬ ಹೆದರಿಕೆ ಅವಳಿಗೆ. ಆ ದಿನವೂ ಸೆರಗು ಮುಖಕ್ಕೆ ಎಳೆದುಕೊಂಡು ನಿಂತಿದ್ದಳು.

ಮಾಯವ್ವ ಅವಳನ್ನು ನೋಡಿದಳು. ಅಂಗೈಯಿಂದ ನೆಲ ಬಡಿದಳು.

"ಬಾ," ಎಂದಳು.

ಮಗ್ಗ ನಿಂತಿತು. ಕದಿರು ನಿಂತಿತು.

"ಬಾ!" ಎಂದಳು ಮಾಯವ್ವ ಇನ್ನೂ ಗಟ್ಟಿಯಾಗಿ.

"ನನ್ನನ್ನಾ? ನನ್ನನ್ನೇ ಕರೆದಳಾ?" ಎಂದಳು ಅತ್ತೆ. ಸೆರಗು ಜಾರಿತು. "ಬಂದೆನವ್ವಾ, ಬಂದೆ!" ಎನ್ನುತ್ತ ಮುದುಕಿ ಹೊಸ್ತಿಲು ಎಡವಿ ಒಳಗೆ ಬಂದು ಕೂಸಿನ ಎದುರಿಗೆ ಕುಸಿದು ಕೂತಳು. ಮಾಯವ್ವ ಎರಡೂ ಕೈಯಿಂದ ಅವಳ ಮುಖ ಹಿಡಿದುಕೊಂಡಳು. ಮಾಳಿಂಗ ಅಳುತ್ತಿದ್ದ, ನಗುತ್ತಿದ್ದ. ಕೆಂಚವ್ವ ಓಣಿಗೆ ಓಡಿ ಮನೆಮನೆಯ ಬಾಗಿಲು ಬಡಿದು ಹೇಳಿದಳು, "ನಮ್ಮ ಮಾಯವ್ವ ಕರೆದಳು! ಹೆಸರಿಲ್ಲದೆ ಇದ್ದವಳು ಇವತ್ತು ಇನ್ನೊಬ್ಬರನ್ನು ಕರೆದಳು!"

ಗುರುಗಳು ಕತೆ ನಿಲ್ಲಿಸಿದರು.

ಶಂಭುಲಿಂಗ ಕೂತಲ್ಲೇ ಮಂಡಿಯ ಮೇಲೆ ಎದ್ದಿದ್ದ. "ತಿಳಿಯಿತು ಗುರುಗಳೇ, ತಿಳಿಯಿತು! ಇವತ್ತಿನಿಂದಲೇ ಶುರು ಮಾಡುತ್ತೇನೆ. ದಿನಕ್ಕೆ ಎಷ್ಟು ಹೊತ್ತು ಮಾತನಾಡಲಿ? ಯಾವ ಮಾತು ಮೊದಲು ಹೇಳಲಿ? ಹಾಡಲೇ, ಕತೆ ಹೇಳಲೇ? ಅವಳಿಗೆ ಏನು ಇಷ್ಟವಾಗುತ್ತದೆ?"

ಗುರುಗಳು ಹೇಳಿದರು. "ಅದನ್ನು ಅವಳನ್ನೇ ಕೇಳು, ಕೇಳಿದ ಮೇಲೆ ಸುಮ್ಮನಿರು."

ಶಂಭುಲಿಂಗ ಇನ್ನೇನೋ ಹೇಳಲು ತೆರೆದ ಬಾಯನ್ನು ಮುಚ್ಚಿದ.