ನಿಂಬೆಹಣ್ಣು ಇಟ್ಟ ಪರೀಕ್ಷೆ

ನಾಳೆ ರೇಸು ಎನ್ನುವಾಗ, ಹೊಸ ಟರ್ಬೊ ಹಾಕಿಸಿಕೊಂಡ ಹಳೇ ಕಾರಿಗೆ ಗ್ಯಾರೇಜಿನಲ್ಲಿ ಪೂಜೆಯಾಯಿತು. ಚಕ್ರದಡಿ ಇಟ್ಟಿದ್ದ ನಿಂಬೆಹಣ್ಣು ಕೈಮುಗಿದು ಕಾರನ್ನು ಕೇಳಿತು, "ಸ್ವಾಮಿ, ವೇಗ ಹೆಚ್ಚಾಯಿತು. ಬ್ರೇಕೂ ಹೊಸದು ತಾನೆ?"

"ಹಳೆಯದೇ ಸಾಕು. ಕಾಯುವುದಕ್ಕೆ ನೀನಿದ್ದೀಯಲ್ಲ!"

"ನನ್ನಿಂದ ಉಪ್ಪಿನಕಾಯಿ ಆದೀತು, ಬ್ರೇಕ್ ಆಗುವುದಿಲ್ಲ. ನಾನು ಗೇಟಿನ ಬಳಿ ಕೂರುತ್ತೇನೆ. ಜೋರಾಗಿ ಬಂದು, ನನ್ನನ್ನು ಮುಟ್ಟದೆ ನಿಲ್ಲು ನೋಡೋಣ."

ಕಾರು ಬಂತು, ನಿಲ್ಲಲಿಲ್ಲ. ನಿಂಬೆಯನ್ನು ಅಪ್ಪಚ್ಚಿ ಮಾಡಿ, ಗೇಟು ಮುರಿದು, ಎದುರಿನ ಹೋಟೆಲಿಗೆ ನುಗ್ಗಿ ಒರಳುಕಲ್ಲಿಗೆ ಮೂತಿ ಜಜ್ಜಿಕೊಂಡಿತು.

"ಇಡ್ಲಿಯೋ, ದೋಸೆಯೋ?" ಎಂದಿತು ಒರಳುಕಲ್ಲು.

"ಬ್ರೇಕು," ಎಂದು ಕಾರು ಅತ್ತಿತು.

ಭಗವಂತ ದಯಾಮಯ. ರೇಸಿನ ದಾರಿಯುದ್ದಕ್ಕೂ ಜನ ನಿಂತಿರುತ್ತಾರೆಂದು ಬಲ್ಲ ಆತ, ಹಿಂದಿನ ದಿನವೇ ಒರಳುಕಲ್ಲಾಗಿ ಅಡ್ಡ ಕೂತಿದ್ದ.