ಜೇಡರಬಲೆಗೆ ಮಂಜಿನ ಮುತ್ತು ಬಂದದ್ದು

ಭೂಮಿ ಇನ್ನೂ ಹೊಸ ಮಣ್ಣಿನ ವಾಸನೆ ಬೀರುತ್ತಿದ್ದ ಕಾಲ. ಬೆಟ್ಟಗಳಿಗೆ ಆಗಷ್ಟೇ ಹೆಸರಿಟ್ಟಿದ್ದರು. ಆಗ ಮೊಟ್ಟಮೊದಲ ಚಳಿಗಾಲ ಬಂತು.

ಚಳಿಯ ಜೊತೆ ಮಂಜೂ ಬಂತು. ಬಂದದ್ದು ಹೋಗಲೇ ಇಲ್ಲ. ಕರಡಿಕಲ್ಲು ಬೆಟ್ಟದ ಬುಡದಲ್ಲಿ ಬೆಳ್ಳಗೆ ಕಾಲು ಚಾಚಿ ಮಲಗಿಬಿಟ್ಟಿತು. ಸೂರ್ಯ ಕಾಣಲಿಲ್ಲ. ಸೌದೆಯೆಲ್ಲ ನೆನೆದು ಒಲೆ ಹೊತ್ತಲಿಲ್ಲ.

ಅಲ್ಲೇ ತುಂಬೆ ಎಂಬ ಹುಡುಗಿಯ ಮನೆ. ಅವಳ ತಂಗಿ ಇನ್ನೂ ತೊಟ್ಟಿಲ ಕೂಸು. ಚಳಿಗೆ ಕೂಸಿನ ತುಟಿ ನೀಲಿಗಟ್ಟಿತ್ತು. ಅದು ಅಳುವುದನ್ನೂ ನಿಲ್ಲಿಸಿತ್ತು. ಅತ್ತಿದ್ದರೆ ತುಂಬೆಗೆ ಅಷ್ಟು ಭಯವಾಗುತ್ತಿರಲಿಲ್ಲ.

ಅಜ್ಜಿ ಹೊಸಿಲ ಮೇಲೆ ನಿಂತು ಗಾಳಿಯನ್ನು ಕೂಗಿದಳು. "ಗಾಳಿಯಪ್ಪಾ, ಸೂರ್ಯನನ್ನು ಎಲ್ಲಾದರೂ ಕಂಡೆಯಾ?"

"ಕಾಣದೆ ಏನಜ್ಜಿ? ಬೆಟ್ಟದ ನೆತ್ತಿಯ ಮೇಲೆ ಚೆನ್ನಾಗಿ ಬಿಸಿಲು ಬಿದ್ದಿದೆ. ಈಗ ತಾನೇ ಬೆನ್ನು ಕಾಯಿಸಿಕೊಂಡು ಬಂದೆ."

"ಹಾಗಾದರೆ ನಡೀರಿ" ಎಂದಳು ಅಜ್ಜಿ.

ಅಪ್ಪ ಮುಂದೆ, ಕೂಸನ್ನು ಎದೆಗೆ ಕಟ್ಟಿಕೊಂಡ ಅವ್ವ ಹಿಂದೆ, ಆಮೇಲೆ ಅಜ್ಜಿ, ಅಜ್ಜಿಯ ಸೆರಗು ಹಿಡಿದ ತುಂಬೆ. ಎಲ್ಲರೂ ಬೆಟ್ಟ ಹತ್ತತೊಡಗಿದರು.

ಮಂಜಿಗೆ ಸಿಟ್ಟು ಬಂತು. "ನನ್ನನ್ನು ದಾಟಿ ಯಾರೂ ಹೋಗುವ ಹಾಗಿಲ್ಲ!" ಎಂದು ಇನ್ನಷ್ಟು ದಟ್ಟವಾಯಿತು. ಕೈ ಚಾಚಿದರೆ ಕೈಯೇ ಕಾಣದು. ಅಪ್ಪ ಕಾಲಿಟ್ಟ ಕಲ್ಲೊಂದು ಜಾರಿತು. ಅದು ಬಿದ್ದ ಸದ್ದು ಎಷ್ಟೋ ಹೊತ್ತಾದ ಮೇಲೆ ಕೇಳಿಸಿತು.

"ಅಲ್ಲೇ ನಿಲ್ಲಿ! ಮುಂದೆ ಕಮರಿ!" ಅಪ್ಪ ಕೂಗಿದ.

ಎಲ್ಲರೂ ನಿಂತರು. ತುಂಬೆ ಪಕ್ಕದ ಪೊದೆ ಹಿಡಿದುಕೊಂಡಳು. ಪೊದೆಯೊಳಗಿಂದ ಸಣ್ಣ ದನಿಯೊಂದು ಬಂತು. "ಮೆಲ್ಲಗೆ ಕಣಮ್ಮ, ನನ್ನ ಮನೆ ಹರಿದೀತು." ಅದು ಜೇಡ.

"ಜೇಡಕ್ಕ, ಈ ಮಂಜಿನಲ್ಲಿ ನೀನು ಹೇಗೆ ಓಡಾಡುತ್ತೀ?"

"ನನಗೆ ಕಣ್ಣು ಯಾಕೆ? ಎಳೆ ಹಿಡಿದು ನಡೆದರಾಯಿತು. ದಾರಿಯುದ್ದಕ್ಕೂ ಪೊದೆಯಿಂದ ಪೊದೆಗೆ ಎಳೆ ಕಟ್ಟಿದ್ದೇನೆ, ನೆತ್ತಿಯವರೆಗೂ. ಆದರೆ ನಿಮಗೆ ಅದು ಕಾಣಬೇಕಲ್ಲ!"

ತುಂಬೆ ಕ್ಷಣ ಹೊತ್ತು ಯೋಚಿಸಿದಳು. ಆಮೇಲೆ ತಲೆಯೆತ್ತಿ ಕೂಗಿದಳು. "ಮಂಜಣ್ಣಾ! ಬೆಟ್ಟದ ಮೇಲೆ ಯಾರು ಬೇಕಾದರೂ ಮಲಗುತ್ತಾರೆ. ಈ ಎಳೆಯ ಮೇಲೆ ಕೂತು ತೋರಿಸು ನೋಡೋಣ. ಜೇಡಕ್ಕನ ಬಿಟ್ಟರೆ ಯಾರ ಕೈಲೂ ಆಗೋದಿಲ್ಲವಂತೆ!"

"ನನ್ನ ಕೈಲಿ ಆಗದ್ದು ಯಾವುದಿದೆ?" ಮಂಜು ಎಳೆಯ ಮೇಲೆ ಹನಿಯಾಗಿ ಕೂತಿತು.

"ಒಂದು ಎಳೆ ತಾನೇ? ಮುಂದಿನದು?"

ಮಂಜು ಮುಂದಿನದರ ಮೇಲೂ ಕೂತಿತು. ಅದರ ಮುಂದಿನದರ ಮೇಲೂ ಕೂತಿತು. ಪೊದೆಯಿಂದ ಪೊದೆಗೆ ಎಳೆಗಳು ಮುತ್ತು ಪೋಣಿಸಿದ ಹಾಗೆ ಮಿನುಗಿದವು. ಮಂಜು ಹನಿಯಾದಷ್ಟೂ ಗಾಳಿ ತಿಳಿಯಾಯಿತು. ದಾರಿ ಕಾಣಿಸಿತು!

"ಅಪ್ಪಾ, ಕಮರಿ ಬಲಕ್ಕಿದೆ! ಎಡಕ್ಕೆ ಬನ್ನಿ, ಮುತ್ತು ನೋಡಿಕೊಂಡು ಬನ್ನಿ!" ಈಗ ತುಂಬೆಯೇ ಮುಂದೆ. ಅವಳ ಹಿಂದೆ ಮನೆಮಂದಿಯೆಲ್ಲ ಏದುಸಿರು ಬಿಡುತ್ತ ಹತ್ತಿದರು.

ನೆತ್ತಿ ಮುಟ್ಟಿದಾಗ ಹೊಂಬಿಸಿಲು ಮುಖಕ್ಕೇ ಬಡಿಯಿತು. ಅವ್ವ ಕೂಸನ್ನು ಬಿಸಿಲಿಗೆ ಹಿಡಿದಳು. ಕೂಸಿನ ತುಟಿ ಕೆಂಪಾಯಿತು. ಅದು ಬಾಯಿ ತೆರೆದು, ಬೆಟ್ಟವೇ ಅದುರುವಂತೆ ಅತ್ತಿತು. ಅಜ್ಜಿ ಕಣ್ಣೊರೆಸಿಕೊಂಡು ನಕ್ಕಳು. ತುಂಬೆ ಎರಡೂ ಕೈ ಎತ್ತಿ "ಹೋ!" ಎಂದು ಕೂಗಿದಳು. ಸುತ್ತಲಿನ ಬೆಟ್ಟಗಳೆಲ್ಲ "ಹೋ!" ಎಂದವು.

ಎಳೆಗಳ ಮೇಲಿದ್ದ ಮಂಜು ಪಿಸುಗುಟ್ಟಿತು. "ಸೋತೆ ಕಣಮ್ಮ. ಬಿಸಿಲು ಸುಡುತ್ತಿದೆ, ನನ್ನನ್ನು ಹೋಗಲು ಬಿಡು."

"ಹೋಗು. ಚಳಿಗಾಲಕ್ಕೆ ಮತ್ತೆ ಬಾ. ಆದರೆ ಬಂದಾಗಲೆಲ್ಲ ಜೇಡಕ್ಕನ ಎಳೆಯ ಮೇಲೆ ಕೂತು ದಾರಿ ತೋರಿಸಬೇಕು. ಸೂರ್ಯ ಬಂದ ಕೂಡಲೇ ಏಳಬೇಕು."

ಮಂಜು ಒಪ್ಪಿಕೊಂಡು ಆವಿಯಾಗಿ ಮೇಲೆದ್ದಿತು. ಬಿಸಿಲು ಬೆಟ್ಟವಿಳಿದು ಊರು ಸೇರಿತು. ಒಂದೊಂದೇ ಮನೆಯ ಒಲೆ ಹೊತ್ತಿಕೊಂಡಿತು.

ಅದಕ್ಕೇ ಮಗೂ, ಈಗಲೂ ಚಳಿಗಾಲದ ಬೆಳಿಗ್ಗೆ ಸ್ವೆಟರ್ ಹಾಕಿಕೊಂಡು, ಅಪ್ಪ ಅಮ್ಮನ ಜೊತೆ ನೀನು ಊರಾಚೆಯ ವೃಕ್ಷೋದ್ಯಾನದ ಗುಡ್ಡ ಹತ್ತುವಾಗ, ದಾರಿಬದಿಯ ಜೇಡರಬಲೆಗಳ ತುಂಬ ಮುತ್ತಿನಂಥ ಹನಿಗಳು ಕೂತಿರುತ್ತವೆ, ಬಿಸಿಲೇರಿದ ಕೂಡಲೇ ಕೊಟ್ಟ ಮಾತಿನಂತೆ ಎದ್ದು ಹೋಗುತ್ತವೆ.