ಕಾವಿಗೆ ಕೂತ ಕೋಳಿಯ ಎದೆ ಬೋಳಾದದ್ದು ಯಾಕೆ

ಲೋಕ ಆಗ ತೀರಾ ಹೊಸದು. ಎಷ್ಟು ಹೊಸದು ಎಂದರೆ, ಬೆಟ್ಟವನ್ನು ಮುಟ್ಟಿದರೆ ಬೆರಳಿಗೆ ಹಸಿ ಮಣ್ಣು ಅಂಟುತ್ತಿತ್ತು. ಯಾವ ಕಡೆ ಹರಿಯಬೇಕು ಎಂದು ನದಿಗೆ ದಿನಾ ಯಾರಾದರೂ ನೆನಪು ಮಾಡಬೇಕಿತ್ತು.

ಆ ಕಾಲದಲ್ಲಿ ಯಾವ ಹಕ್ಕಿಯೂ ಮೊಟ್ಟೆಯ ಮೇಲೆ ಕೂರುತ್ತಿರಲಿಲ್ಲ. ಮೊಟ್ಟೆ ಇಡುವುದು, ಮರಳಿನಲ್ಲಿ ಸಾಲಾಗಿ ಜೋಡಿಸುವುದು, "ಸೂರ್ಯಪ್ಪಾ, ಸ್ವಲ್ಪ ನೋಡ್ಕೊಳ್ಳಪ್ಪ" ಎಂದು ಹೇಳಿ ಮೇಯಲು ಹೋಗುವುದು. ಮರಿ ಮಾಡಿಸುವ ಕೆಲಸವೆಲ್ಲ ಸೂರ್ಯನದೇ.

"ಹಾಗಾದ್ರೆ ಸೂರ್ಯನೇ ಇನ್‌ಕ್ಯುಬೇಟರಾ ಅಜ್ಜ?" ಎಂದು ನನ್ನ ಮೊಮ್ಮಗಳು ಇಂಚರ ಇಲ್ಲಿಯೇ ಬಾಯಿ ಹಾಕಿದಳು. ಹೌದು ಪುಟ್ಟಿ. ಬೆಳಗ್ಗೆಯಿಂದ ನಾವಿಬ್ಬರೂ ಥರ್ಮೊಕೋಲ್ ಪೆಟ್ಟಿಗೆಗೆ ಬಲ್ಬು ಕಟ್ಟಿ, ಬಟ್ಟಲಲ್ಲಿ ನೀರಿಟ್ಟು, ಮುಚ್ಚಳಕ್ಕೆ ತೂತು ಕೊರೆದು, ಹನ್ನೆರಡು ಮೊಟ್ಟೆ ಜೋಡಿಸಿದೆವಲ್ಲ, ಆ ಪೆಟ್ಟಿಗೆಯ ಮುತ್ತಜ್ಜನ ಮುತ್ತಜ್ಜ ಅವನು. ಈಗ ಮುಚ್ಚಳ ತೆಗೆದು ಇಣುಕಬೇಡ, ಕಥೆ ಕೇಳು.

ಹೊಂಗರಿ ಎಂದೊಂದು ಕೋಳಿಯಿತ್ತು. ಅದರ ಎದೆಯ ತುಂಬ ಬಂಗಾರದ ಬಣ್ಣದ ಗರಿ. ಕೊಳದಲ್ಲಿ ಎದೆ ನೋಡಿಕೊಳ್ಳದೆ ಅದು ನೀರು ಕುಡಿದದ್ದೇ ಇಲ್ಲ. ಎಲ್ಲ ಹಕ್ಕಿಗಳೂ ಬೇಸಗೆಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡಿಸಿಕೊಂಡವು. ಹೊಂಗರಿ ಮಾತ್ರ ಈ ಹುಳದ ಹಿಂದೆ, ಆ ಮಿಡತೆಯ ಹಿಂದೆ ಓಡಾಡಿ, ಮೋಡ ಕಟ್ಟುವ ಹೊತ್ತಿಗೆ ಒಂಬತ್ತು ಮೊಟ್ಟೆ ಇಟ್ಟಿತು.

"ಈಗ ಇಡೋದಾ?" ಎಂದ ಸೂರ್ಯ. "ನಾಳೆಯಿಂದ ಮಳೆಗಾಲ. ನಾನು ಮೋಡದ ಹಿಂದೆ ಹೋಗ್ತೀನಿ ಕಣೇ."

"ಏನ್ ಮಾಡ್ಲಿ ಸೂರ್ಯಪ್ಪ, ಇವು ಬಂದಾಗ ಬಂದ್ವು. ಇವನ್ನ ಬಿಟ್ಟು ಹೋಗ್ತೀಯಾ?"

ಸೂರ್ಯನಿಗೆ ಮನಸ್ಸು ತಡೆಯಲಿಲ್ಲ. ತನ್ನ ಕಿರಣವೊಂದರ ತುದಿ ಮುರಿದು, ಒಂದು ಕೆಂಡ ಕೊಟ್ಟ. "ಇಪ್ಪತ್ತೊಂದು ದಿನ ಬೆಚ್ಚಗಿರಬೇಕು. ಒಂದು ದಿನ ತಣ್ಣಗಾದ್ರೂ ಮರಿ ಉಳಿಯಲ್ಲ. ಜೋಪಾನ."

ಹೊಂಗರಿ ಕೆಂಡ ಹಿಡಿದು ಓಡಿತು. ಗೋಡೆಯ ಮೂಲೆಯಲ್ಲಿ ಮಣ್ಣಿನ ಗೂಡು ಕಟ್ಟುತ್ತದಲ್ಲ, ಆ ಕುಂಬಾರ ಹುಳ ಒಂದು ದೊಡ್ಡ ಮಣ್ಣಿನ ಪೆಟ್ಟಿಗೆ ಕಟ್ಟಿಕೊಟ್ಟಿತು. ಒಳಗಿನ ಗಾಳಿ ಒಣಗಬಾರದೆಂದು ನದಿಯಮ್ಮ ಒಂದು ದೊನ್ನೆ ನೀರು ಕೊಟ್ಟಳು. ಮೊಟ್ಟೆಗೂ ಉಸಿರು ಬೇಕೆಂದು ಗಾಳಿಯಣ್ಣ ಮೇಲೊಂದು ತೂತು ಕೊರೆದ. ಮೂಲೆಯಲ್ಲಿ ಕೆಂಡ, ನಡುವೆ ಒಂಬತ್ತು ಮೊಟ್ಟೆ. ಲೋಕದ ಮೊದಲನೆಯ ಕಾವು ಪೆಟ್ಟಿಗೆ ಸಿದ್ಧ!

ಆದರೆ ಬಿಸಿ ಎಷ್ಟಿರಬೇಕು? ನಮ್ಮ ಪೆಟ್ಟಿಗೆಯಲ್ಲಿ ಥರ್ಮಾಮೀಟರ್ ಇದೆ, ಮೂವತ್ತೇಳೂವರೆ ಡಿಗ್ರಿ ತೋರಿಸಿದರೆ ಸರಿ. ಹೊಂಗರಿಯ ಹತ್ತಿರ ಏನಿತ್ತು? ಏನೂ ಇಲ್ಲ. ಹಾಗಾಗಿ ಅದು ಹೋದವರನ್ನು ಬಂದವರನ್ನು ಕರೆದು ಕೇಳಿತು. ತಪ್ಪಾದದ್ದು ಅಲ್ಲೇ.

ಆಮೆಯಜ್ಜ ಕೊಳದಿಂದ ಎದ್ದು ಬಂದು ಕತ್ತು ತೂರಿಸಿದ. "ಚಳಿ ಕಣವ್ವ. ಕೆಂಡ ಹತ್ರ ತಳ್ಳು."

ಕಪ್ಪೆಯಕ್ಕ ಬಂದಳು. "ಅಯ್ಯಯ್ಯೋ, ಬೆಂದೇ ಹೋದೆ! ದೂರ ತಳ್ಳೇ ಮಾರಾಯ್ತಿ."

ಬಂಡೆಯ ಮೇಲೆ ಮೈ ಕಾಯಿಸಿಕೊಳ್ಳುವ ಓತಿಕ್ಯಾತ ಬಂದು ನಕ್ಕಿತು. "ಇದೂ ಒಂದು ಬಿಸಿನಾ? ನನ್ನ ಬಂಡೆ ಮೇಲೆ ಒಂದ್ಸಲ ಮಲಗಿ ನೋಡು. ಮೊಟ್ಟೆಗೇ ತಾಗಿಸಿಡು ಕೆಂಡಾನ."

ಹತ್ತಿರ ತಳ್ಳು, ದೂರ ತಳ್ಳು, ತಾಗಿಸಿಡು. ಮೂರನೆಯ ದಿನ ನೋಡಿದರೆ, ಕೆಂಡಕ್ಕೆ ತಾಗಿದ್ದ ಮೊಟ್ಟೆ ಬೆಂದುಹೋಗಿತ್ತು.

ಓತಿಕ್ಯಾತ ಮೆಲ್ಲಗೆ ಹಿಂದೆ ಸರಿಯಿತು. ಹೊಂಗರಿ ಆ ಮೊಟ್ಟೆಯನ್ನು ಕೊಕ್ಕಿನಿಂದ ಸವರುತ್ತ ಬಹಳ ಹೊತ್ತು ನಿಂತಿತು.

ಕೊನೆಗೆ ಕುಂಬಾರ ಹುಳ ಹೇಳಿತು. "ನಿನ್ನ ಮಕ್ಕಳಿಗೆ ಎಷ್ಟು ಬಿಸಿ ಬೇಕು ಅಂತ ಆ ಕಪ್ಪೆಗೇನು ಗೊತ್ತು? ಆಮೆಗೇನು ಗೊತ್ತು? ನಿನ್ನ ಮೈಯೊಳಗಿಂದ ತಾನೆ ಬಂದದ್ದು ಇವು? ನಿನ್ನ ಮೈಯನ್ನೇ ಕೇಳು."

ಹೊಂಗರಿ ಎದೆಯನ್ನು ಮೊಟ್ಟೆಗೆ ಒತ್ತಿತು. ಏನೂ ತಿಳಿಯಲಿಲ್ಲ. ಬಿಸಿ ಒಳಗೆ ಬಂದರೆ ತಾನೆ? ಅಷ್ಟು ದಪ್ಪ ಗರಿ.

ಅದು ಕೊಳದ ಹತ್ತಿರ ಹೋಗಿ ಒಂದು ಸಲ ನೋಡಿಕೊಂಡಿತು. ಆಮೇಲೆ ಕಣ್ಣು ಮುಚ್ಚಿ ಎದೆಯ ಗರಿಯನ್ನು ಪಟ್ ಎಂದು ಕಿತ್ತಿತು. ಇನ್ನೊಂದು. ಮತ್ತೊಂದು. ಅಂಗೈಯಷ್ಟು ಜಾಗ ಬೋಳಾಗುವವರೆಗೆ.

"ಇದೇನೇ ನಿನ್ನ ಅವತಾರ!" ಕಪ್ಪೆಯಕ್ಕ ಹೊಟ್ಟೆ ಹಿಡಿದು ನಕ್ಕಳು. "ರವಿಕೇನ ಒಗೆಯೋಕೆ ಹಾಕಿದೀಯಾ?"

"ಹೂಂ ಕಣಕ್ಕ, ಒಣಗಿದ ಮೇಲೆ ಹಾಕ್ಕೋತೀನಿ" ಎಂದು ಹೊಂಗರಿ ಒಳಗೆ ಹೋಯಿತು.

ಬರಿ ಚರ್ಮ ಮೊಟ್ಟೆಗೆ ತಾಗಿದ್ದೇ ತಡ, ಎಲ್ಲವೂ ತಿಳಿಯಿತು. ಇದು ಹೆಚ್ಚು ಬಿಸಿ, ಅದು ಕಡಿಮೆ. ಕೆಂಡವನ್ನು ಇಷ್ಟೇ ಇಷ್ಟು ಈಚೆ ತಳ್ಳಿತು. ಪ್ರತಿ ಮೊಟ್ಟೆಗೂ ಒಂದು ಮಗ್ಗುಲು ಬೆಚ್ಚಗೆ, ಇನ್ನೊಂದು ಮಗ್ಗುಲು ತಣ್ಣಗೆ. ಅದಕ್ಕೇ ಕೊಕ್ಕಿನಿಂದ ಹೊರಳಿಸಿತು. ಬೆಳಗ್ಗೆ ಮುಟ್ಟಿತು, ಹೊರಳಿಸಿತು. ಮಧ್ಯಾಹ್ನ ಮುಟ್ಟಿತು, ಹೊರಳಿಸಿತು. ಸಂಜೆ ಮುಟ್ಟಿತು, ಹೊರಳಿಸಿತು.

ಹದಿನೆಂಟನೆಯ ದಿನ ಸುರಿಯಿತು ನೋಡು ಮಳೆ! ಗಾಳಿಯಣ್ಣ ಕೊರೆದ ತೂತಿನಿಂದಲೇ ನೀರು ಒಳಗಿಳಿಯಿತು. ಕೆಂಡ ಚುಸ್ ಎಂದು ಆರಿಹೋಯಿತು.

"ಸೂರ್ಯಪ್ಪಾ!" ಎಂದು ಹೊಂಗರಿ ಕೂಗಿತು. ಅಷ್ಟು ದಪ್ಪ ಮೋಡ ದಾಟಿ ಕೂಗು ಹೋಗಲಿಲ್ಲ.

"ತೂತು ಮಾಡಿದ್ದು ನಾನೇ" ಎಂದು ಗಾಳಿಯಣ್ಣ ಮುದುರಿಕೊಂಡ.

ಎಂಟು ಮೊಟ್ಟೆಗಳು. ಇನ್ನು ಮೂರೇ ದಿನ. ಹೊಂಗರಿ ಒಂದೊಂದಕ್ಕೂ ಎದೆ ಇಟ್ಟು ನೋಡುತ್ತ ಹೋಯಿತು. ಇದು ಇನ್ನೂ ಬೆಚ್ಚಗಿದೆ. ಇದೂ ಇದೆ. ಇದು ಆರುತ್ತಿದೆ. ಹಿಂದಿನಿಂದ ಇಣುಕಿದ ಕಪ್ಪೆಯಕ್ಕ ಮೊದಲನೆಯದನ್ನು ಮುಟ್ಟಿ ಕಣ್ಣರಳಿಸಿದಳು.

"ಲೇ ಹೊಂಗರಿ, ನೀನು ಎದೆ ಇಟ್ಟು ಎದ್ದ ಮೊಟ್ಟೆ ಮೊದಲಿಗಿಂತ ಬಿಸಿಯಾಗಿದೆಯಲ್ಲೇ!"

ಹೊಂಗರಿ ಬಗ್ಗಿ ತನ್ನ ಬೋಳು ಎದೆಯನ್ನೇ ನೋಡಿಕೊಂಡಿತು. ಆಮೇಲೆ ಎಂಟನ್ನೂ ಒಟ್ಟಿಗೆ ಸೇರಿಸಿ, ರೆಕ್ಕೆ ಹರಡಿ, ಬೋಳು ಎದೆ ಊರಿ ಕೂತುಬಿಟ್ಟಿತು. ಬಿಸಿ ಅಳೆಯಲೆಂದು ಗರಿ ಕಿತ್ತ ಜಾಗವೇ ಈಗ ಕೆಂಡವಾಯಿತು.

"ಏಳಬೇಡ" ಎಂದಿತು ಕುಂಬಾರ ಹುಳ.

"ಏಳಲ್ಲ."

ಒಂದು ದಿನ ಏಳಲಿಲ್ಲ. ಎರಡು ದಿನ ಏಳಲಿಲ್ಲ. ಕಪ್ಪೆಯಕ್ಕ ಮಳೆಹುಳ ಹಿಡಿದು ತಂದು, "ನೀ ಏಳಬೇಡ, ಸುಮ್ನೆ ತಿನ್ನು" ಎಂದು ಬಾಯಿಗೆ ಇಟ್ಟಳು. ಮೂರನೆಯ ದಿನ ಹೊಂಗರಿಯ ಎದೆಯ ಕೆಳಗೆ ಯಾರೋ ತಟ್ಟಿದ ಹಾಗಾಯಿತು. ಟಕ್. ಆಮೇಲೆ ಒಂದು ಸಣ್ಣ ದನಿ, ಚಿಯ್ಯ್.

ಸಂಜೆಯೊಳಗೆ ಎಂಟೂ ಹೊರಗೆ ಬಂದವು. ಒದ್ದೆಮುದ್ದೆಯಾಗಿ, ಕಾಲು ಎಡವುತ್ತ, ಒಂದರ ಮೇಲೊಂದು ಬೀಳುತ್ತ.

ಮೋಡ ಸರಿಸಿ ಸೂರ್ಯ ಬಂದಾಗ ಅವನಿಗೆ ನಂಬಿಕೆಯೇ ಬರಲಿಲ್ಲ. "ಕೆಂಡ ಆರಿಹೋಗಿದೆಯಲ್ಲೇ! ಇವನ್ನ ಬೆಚ್ಚಗಿಟ್ಟವರು ಯಾರು?"

ಹೊಂಗರಿ ಸ್ವಲ್ಪ ಮೇಲೆದ್ದು ಎದೆ ತೋರಿಸಿತು. ಸೂರ್ಯ ಒಂದು ಬೆರಳಿಟ್ಟು ನೋಡಿದ. ತನ್ನ ಮೈಯಂತೆಯೇ ಬಿಸಿ.

"ಇನ್ನು ಈ ಕೆಲಸಕ್ಕೆ ನಾನು ಬೇಡ" ಎಂದ ಅವನು, ಬಹಳ ಸಂತೋಷದಿಂದ. "ಬಾ, ನಿನ್ನ ಬಂಗಾರದ ಗರಿ ವಾಪಸ್ ಕೊಡ್ತೀನಿ."

"ಕೊಡು ಸೂರ್ಯಪ್ಪ, ನಂಗೂ ಆಸೆ" ಎಂದಿತು ಹೊಂಗರಿ. "ಆದ್ರೆ ಮೊಟ್ಟೆ ಮೇಲೆ ಕೂತಾಗ ಮಾತ್ರ ಬೇಡ. ಮರಿಗೂ ನಂಗೂ ಮಧ್ಯೆ ಏನೂ ಇರಬಾರದು."

ಅದಕ್ಕೇ ಇಂಚರಾ, ಯಾರ ಮನೆಯ ಹಿತ್ತಲಲ್ಲಾದರೂ ಕಾವಿಗೆ ಕೂತ ಕೋಳಿಯ ಕೆಳಗೆ ನೀನು ಮೆಲ್ಲಗೆ ಕೈ ತೂರಿಸಿದರೆ, ಗರಿಯೆಲ್ಲ ಮುಗಿದ ಮೇಲೆ ಅಂಗೈಯಗಲ ಬರಿ ಚರ್ಮ ಸಿಗುತ್ತದೆ, ಮಧ್ಯಾಹ್ನದ ಬಿಸಿಲಿನಷ್ಟು ಬೆಚ್ಚಗೆ.